ಹನ್ನೊಂದು ನಿಮಿಷ

ಗಾಲಿ ಜಾರಿದ್ದು ಮೊದಲು ಗಾಲಿಗೇ ಗೊತ್ತಾಗುತ್ತದೆ,
ಆಮೇಲೆ ಚಾಲಕನ ಹೊಟ್ಟೆಗೆ,
ಅದಾದ ಮೇಲೆ ನನಗೆ.
ಕೆಮಿಯಾರ್ವಿಯ ಸಾರಿಗೆ ಕಂಪನಿಯೊಂದರ ಹಿಂದಿನ ಕೋಣೆ,
ಕಿಟಕಿಯಾಚೆ ಮಧ್ಯಾಹ್ನ ಎರಡಕ್ಕೇ ಕತ್ತಲು,
ಪರದೆಯ ಮೇಲೆ ನಲವತ್ತೆರಡು ಲಾರಿ,
ನಲವತ್ತೆರಡು ಚುಕ್ಕೆ.

ಎಲ್ಲಿ ಬ್ರೇಕು ನಡುಗಿತು, ಎಲ್ಲಿ ಚಕ್ರ
ನೆಲ ಬಿಟ್ಟು ಬರೀ ಗಾಜಿನ ಮೇಲೆ ತಿರುಗಿತು,
ಆ ಲೆಕ್ಕವನ್ನೆಲ್ಲ ಸರ್ಕಾರದ ರಸ್ತೆ ಇಲಾಖೆಗೆ ಕಳಿಸುವುದು ನನ್ನ ಕೆಲಸ.
ಜಾರಿದ್ದು ಗಂಟೆಗೊಮ್ಮೆ,
ನಿಂತದ್ದು ವಾರಕ್ಕೊಮ್ಮೆ, ಗುರುವಾರ ರಾತ್ರಿ ಒಂಬತ್ತಕ್ಕೆ.

ಸಹಿ ಹಾಕುವ ಮುಂಚೆ ಒಡೆಯ ಔಲಿಸ್ ರಾಯ್ಸಾನೆನ್
ಇಡೀ ಚಳಿಗಾಲ ಗೊಣಗಿದ:
"ನನ್ನ ಲಾರಿ, ನನ್ನ ಡೀಸೆಲ್ಲು, ನನ್ನ ಹುಡುಗರ ಬೆನ್ನುನೋವು,
ಪುಕ್ಕಟೆ ಕೊಡಬೇಕೇನು?
ಎದುರಿನವನು ನನ್ನ ದಾರಿ ನೋಡಿ
ಗಿರಾಕಿಯನ್ನೇ ಎತ್ತಿಕೊಂಡು ಹೋದರೆ?"
ಮಾರ್ಚಿಯಲ್ಲಿ ಶಾಲೆಯ ಬಸ್ಸೊಂದು ಹಳ್ಳಕ್ಕೆ ವಾಲಿತು.
ಒಂದು ಮಗುವಿನ ಕನ್ನಡಕ ಒಡೆದದ್ದು ಬಿಟ್ಟರೆ
ಯಾರಿಗೂ ಏನೂ ಆಗಲಿಲ್ಲ.
ಅದೇ ತಿರುವಿನಲ್ಲಿ ಆ ಬೆಳಗ್ಗೆಯೇ ನಮ್ಮ ಮೂರು ಲಾರಿ ಜಾರಿದ್ದವು.
ನನ್ನ ಪರದೆಗೆ ಗೊತ್ತಿತ್ತು,
ಉಪ್ಪಿನ ಗಾಡಿಗೆ ಗೊತ್ತಿರಲಿಲ್ಲ.
ಔಲಿಸ್ ಸಹಿ ಹಾಕಿ, ಪೆನ್ನನ್ನು ನನ್ನ ಕಡೆಗೆ ಎಸೆದ.

ಈಗ ನಾವು ಜಾರಿದಲ್ಲಿ ಉಪ್ಪು ಬೀಳುತ್ತದೆ.
ಯಾರದೋ ಆಂಬುಲೆನ್ಸು, ಯಾರದೋ ಹಾಲಿನ ವ್ಯಾನು
ಅದರ ಮೇಲೆ ಹಾದುಹೋಗುತ್ತದೆ.
ಉಪ್ಪಿನ ಋಣ ಅವರಿಗೆ ತಿಳಿಯದು,
ತಿಳಿಯಬೇಕಾಗಿಯೂ ಇಲ್ಲ.

ಕಳಿಸುವ ಮುಂಚೆ ಹೆಸರು ತೆಗೆಯುತ್ತೇನೆ,
ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ.
ಬೆಣ್ಣೆ ಹಾಗೇ ಇರುತ್ತದೆ.
ಕೂದಲು ನನ್ನ ಬೆರಳಿಗೆ ಅಂಟಿಕೊಂಡು ಉಳಿಯುತ್ತದೆ.

ಹಾಗೆ ಉಳಿದವನು ತಾವೆಟ್ಟಿ ಹಿಲ್ಟುನೆನ್.
ಗುರುವಾರ ಗುರುವಾರ ಸಲ್ಲಾ ದಾರಿಯಲ್ಲಿ,
ಕೆರೆಯನ್ನು ಬಳಸುವ ತಿರುವಿನಾಚೆ,
ಅಂಗಡಿಯಿಲ್ಲ, ಪಂಪಿಲ್ಲ, ಹೊಗೆಯಾಡುವ ಒಂದು ಮನೆಯಿಲ್ಲ,
ಅಲ್ಲಿ ಅವನ ಲಾರಿ ನಿಲ್ಲುತ್ತದೆ, ಹನ್ನೊಂದು ನಿಮಿಷ.
ಎಂಜಿನ್ ಆಫ್.
ಮೈನಸ್ ಇಪ್ಪತ್ತೆಂಟರಲ್ಲೂ ಆಫ್.
ಏಳು ವರ್ಷದ ಹಿಂದೆ ಅಲ್ಲೇ ಅವನ ತಮ್ಮನ ಕಾರು ಕೆರೆಗೆ ಜಾರಿದ್ದು.
ಆಫೀಸಿನಲ್ಲಿ ಯಾರೂ ಆ ಮಾತು ಆಡುವುದಿಲ್ಲ.
ಕಾಫಿ ಬಗ್ಗಿಸಿಕೊಡುತ್ತೇವೆ, ಅಷ್ಟೆ.

ಮೊದಲ ವಾರವೇ ಅಳಿಸಬಹುದಿತ್ತು. ಒಂದು ಸಾಲು.
ಕರಾರಿನಲ್ಲಿ ಬರೆದಿತ್ತು: ಸಾರ್ವಜನಿಕ ಹಿತಕ್ಕಾಗಿ.
ಒಬ್ಬನ ದುಃಖ ಯಾವ ಸಾರ್ವಜನಿಕ?
ಬೆರಳು ಗುಂಡಿಯ ಮೇಲಿತ್ತು.
ಅಷ್ಟರಲ್ಲಿ ಫೋನು ಬಂತು, ಟೈರಿನ ಬಿಲ್ಲಿನ ವಿಷಯ,
ಮಾತು ಮುಗಿಯುವಾಗ ಒಂಬತ್ತಾಗಿ
ಅದು ತಾನೇ ಹೋಗಿಬಿಟ್ಟಿತ್ತು.
ಹೀಗೆ ಹೇಳಿಕೊಳ್ಳುತ್ತೇನೆ.
ಮುಂದಿನ ವಾರಗಳಲ್ಲಿ ಫೋನು ಬರಲಿಲ್ಲ.

ರೊವಾನಿಯೆಮಿಯ ಇಲಾಖೆಯಲ್ಲಿ ಯಾರೋ ನೋಡಿರಬೇಕು,
ಹೆಸರಿಲ್ಲದ ಲಾರಿ, ಅದೇ ಜಾಗ, ಅದೇ ಹೊತ್ತು.
ದಣಿವು ಅಂದುಕೊಂಡರು.
ಭಾರೀ ವಾಹನಗಳಿಗೆ ತಂಗುದಾಣ ಅಗತ್ಯ ಎಂದು ಬರೆದುಕೊಂಡರು.
ಮರುವರ್ಷದ ಜೂನಿನಲ್ಲಿ ಜಲ್ಲಿ ಬಂತು, ರೋಲರ್ ಬಂತು,
ಒಂದು ದೀಪದ ಕಂಬ, ಕಸದ ಡಬ್ಬಿ, ಕೆರೆಗೆ ಮುಖಮಾಡಿ ಒಂದು ಬೆಂಚು.

ಸೆಪ್ಟೆಂಬರಿನ ಶುಕ್ರವಾರ, ಟೋಪಿ ತೆಗೆಯದೆ
ತಾವೆಟ್ಟಿ ನನ್ನ ಮೇಜಿನ ಮುಂದೆ ನಿಂತ.
"ಅಲ್ಲಿ ಬೆಂಚು ಹಾಕಿದ್ದಾರೆ."
ನಾನು ಪರದೆ ನೋಡಿದೆ.
"ಯಾರು ಹೇಳಿದ್ದು ಅವರಿಗೆ?"
ಏನೆನ್ನಲಿ? ಗಾಲಿ ಹೇಳಿತು ಅನ್ನಲೇ?
ಹೆಸರು ತೆಗೆದಿದ್ದೆ ಕಣೋ,
ನೀನು ಮಾತ್ರ ಹಾಗೇ ಉಳಿದುಬಿಟ್ಟೆ ಅನ್ನಲೇ?
"ಲೆಕ್ಕ," ಅಂದೆ. "ಲಾರಿಗಳ ಲೆಕ್ಕ."

ಬಹಳ ಹೊತ್ತು ಸುಮ್ಮನಿದ್ದ.
"ನಿನ್ನೆ ಅಲ್ಲಿ ಇನ್ನೊಂದು ಲಾರಿ ನಿಂತಿತ್ತು,
ಎಸ್ಟೋನಿಯಾದವನು. ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.
ಅರ್ಧ ನನಗೆ ಕೊಟ್ಟ."

ಆ ದನಿಯಲ್ಲಿದ್ದದ್ದು ಸಿಟ್ಟೋ ಏನೋ,
ಇವತ್ತಿಗೂ ಬಿಡಿಸಲಾಗಿಲ್ಲ ನನಗೆ.
ಈ ಗುರುವಾರ ನಿಂತದ್ದು ಇಪ್ಪತ್ತಾರು ನಿಮಿಷ.
ಸಾಲು ಎದುರಿಗಿದೆ.
ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.